ನಮ್ಮ ಹೃದಯದರ್ಶನ

ಕಳೆದ ಮಾಘಮಾಸದಲ್ಲಿ ಒಂದು ಮಧ್ಯಾಹ್ನ ನಮ್ಮ ಹೃದಯವನ್ನು ನಾವೇ ಕಣ್ಣಾರೆ ಕಂಡೆವು. ಮಾತಿನ ಅಲಂಕಾರಕ್ಕಾಗಿ ಹೀಗೆ ಹೇಳುತ್ತಿಲ್ಲ. ತಣ್ಣನೆಯ ಕೊಠಡಿಯೊಂದರಲ್ಲಿ, ಮೈ ಹೊರಳಿಸಲೂ ಎಡೆಯಿಲ್ಲದ ಕಿರುಮೇಜಿನ ಮೇಲೆ, ಪೂರ್ಣ ಎಚ್ಚರದಲ್ಲಿಯೇ ಮಲಗಿದ್ದೆವು. ಎಡಗಡೆಯ ದೊಡ್ಡ ಪರದೆಯ ಮೇಲೆ ನಮ್ಮ ಹೃದಯದ ರಕ್ತನಾಳಗಳು ಎಲೆ ಉದುರಿದ ಮರದ ಕೊಂಬೆಗಳಂತೆ ಒಮ್ಮೆ ಕಪ್ಪಾಗಿ ಮೂಡಿ ಮರುಗಳಿಗೆಯಲ್ಲಿ ಮಾಯವಾಗುತ್ತಿದ್ದುವು. ಈ ಪರೀಕ್ಷೆಗೆ ಆಂಜಿಯೋಗ್ರಾಂ ಎಂದು ಹೆಸರು. ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆಯನ್ನು ರಕ್ತನಾಳದೊಳಗಿಂದ ಹೃದಯದವರೆಗೆ ಕಳುಹಿಸಿ ಮಾಡುವುದರಿಂದ ಕ್ಯಾಥೆಟರ್ ಪರೀಕ್ಷೆಯೆಂದೂ ಹೇಳುವುದುಂಟು.

ಈ ಪರೀಕ್ಷೆಗೆ ಹೋಗುವ ಮುನ್ನ ನಾವು ಹತ್ತು ಮಂದಿಯನ್ನು ವಿಚಾರಿಸಿದ್ದೆವು. ಹನ್ನೊಂದು ಬಗೆಯ ಉತ್ತರಗಳು ದೊರೆತುವು. ಎದೆಯನ್ನು ಕೊಯ್ಯುತ್ತಾರೆಂದು ಒಬ್ಬರು. ಪ್ರಜ್ಞೆ ತಪ್ಪಿಸುತ್ತಾರೆಂದು ಇನ್ನೊಬ್ಬರು. ತೊಡೆಯಲ್ಲಿ ರಂಧ್ರ ಮಾಡಿ ಮೂರು ದಿನ ಅಲುಗಾಡದಂತೆ ಮಲಗಿಸುತ್ತಾರೆಂದು ಮಗುದೊಬ್ಬರು. ನಮ್ಮ ಭಾವಮೈದುನರು ಮಾತ್ರ, ತಮಗೆ ಹಾಕಿರುವ ಮೂರು ಸ್ಟೆಂಟುಗಳ ಹಿರಿತನದಿಂದ, “ಭಾವ, ಒಳಗೆ ಹೋದವರು ಸ್ಟೆಂಟು ಹಾಕಿಸಿಕೊಳ್ಳದೆ ಹೊರಗೆ ಬಂದುದನ್ನು ನಾನಂತೂ ಕಾಣೆ” ಎಂದರು. ಮಿಕ್ಕವರ ಮಾತುಗಳೆಲ್ಲ ಅಂದೇ ಮರೆತುಹೋದುವು. ಈ ಮಾತು ಮಾತ್ರ ಅಂಗಾಲಿಗೆ ಹೊಕ್ಕ ಮುಳ್ಳಿನಂತೆ ಉಳಿಯಿತು. ಈಗ ನಮ್ಮನ್ನು ವಿಚಾರಿಸುವವರು ಹೆಚ್ಚಾಗಿದ್ದಾರೆ. ಹನ್ನೆರಡನೆಯ ಬಗೆಯ ಉತ್ತರವೊಂದನ್ನು ಸೇರಿಸುವುದಕ್ಕಿಂತ, ನಡೆದುದನ್ನು ನಡೆದಂತೆ ಬರೆದುಬಿಡುವುದು ಲೇಸೆಂದು ತೋರಿತು.

ಮೊದಲು ನಾವು ಅಲ್ಲಿಗೆ ಹೋದ ಬಗೆಯನ್ನು ಹೇಳಬೇಕು. ಅದರಲ್ಲಿ ನಮಗೆ ಕೀರ್ತಿ ತರುವಂತಹದು ಏನೂ ಇಲ್ಲ.

ನಮ್ಮ ಮನೆಯಿಂದ ತರಕಾರಿಯ ಅಂಗಡಿಗೆ ಹೋಗುವ ದಾರಿ ಸ್ವಲ್ಪ ಏರು. ಆಶ್ವಯುಜದಲ್ಲಿ ಒಂದು ಬೆಳಗ್ಗೆ ಆ ಏರಿನ ನಡುವೆ, ಎದೆಯ ಮಧ್ಯದಲ್ಲಿ ಯಾರೋ ಅಂಗೈಯಿಟ್ಟು ಒತ್ತಿದಂತಾಯಿತು. ಎಡದವಡೆಯಲ್ಲಿಯೂ ಒಂದು ಬಗೆಯ ಸೆಳೆತ. ನಿಂತೆವು. ಎರಡು ನಿಮಿಷದಲ್ಲಿ ಎಲ್ಲವೂ ಹೋಯಿತು. ವಾಯುವೆಂದುಕೊಂಡೆವು. ಹಿಂದಿನ ರಾತ್ರಿ ಹುರುಳಿಯ ಸಾರು ಉಂಡಿದ್ದುದು ಈ ನಿರ್ಣಯಕ್ಕೆ ಸಾಕ್ಷಿಯಾಗಿ ಒದಗಿತು. ಎರಡು ದಿನ ಕಳೆದ ಮೇಲೆ ಅದೇ ಸ್ಥಳದಲ್ಲಿ ಅದೇ ಒತ್ತು. ಆಗ ಹುರುಳಿಯೂ ಇರಲಿಲ್ಲ. ಆದರೂ ಓಮದ ಕಷಾಯವನ್ನು ಕುಡಿದು ಸುಮ್ಮನಾದೆವು. ಹೀಗೆ ಮೂರು ತಿಂಗಳು ಕಳೆದುವು. ಬೇನೆ ಬಂದಾಗಲೆಲ್ಲ ದಾರಿಯ ಮೂಲೆಯಲ್ಲಿ ಬಗ್ಗಿ, ಚಪ್ಪಲಿಯನ್ನು ಸರಿಮಾಡಿಕೊಳ್ಳುವವರಂತೆ ನಟಿಸಿ, ಅದು ಹೋದ ಮೇಲೆ ಮುಂದೆ ನಡೆಯುತ್ತಿದ್ದೆವು. ಈ ನಟನೆಯಲ್ಲಿ ನಾವು ಸಾಕಷ್ಟು ನುರಿತೆವೆಂದೇ ನಂಬಿದ್ದೆವು.

ಮುಚ್ಚಿಟ್ಟುದೇಕೆಂದರೆ, ನಮ್ಮ ತಂದೆಯವರು ತೀರಿಕೊಂಡುದೂ ವಾಯುವಿನಿಂದಲೇ. 1964ನೆಯ ಇಸವಿ, ನಮಗಾಗ 12 ವರ್ಷ, ಅವರಿಗೆ 46. ಹಾಸನ ಸೀಮೆಯ ಹಳ್ಳಿ. ರಾತ್ರಿ ಊಟವಾದ ಮೇಲೆ ಎದೆ ಬಿಗಿಯುತ್ತಿದೆಯೆಂದು ಜಗುಲಿಯ ಮೇಲೆ ಕುಳಿತರು. ಶುಂಠಿಯ ಕಷಾಯವಾಯಿತು, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟುದಾಯಿತು. ಬೆವರನ್ನು ಒರೆಸಲು ನಮ್ಮ ಕೈಗೆ ಒಂದು ಪಂಚೆಯನ್ನು ಕೊಟ್ಟಿದ್ದರು; ಅದು ತೊಯ್ದುಹೋದುದು ಇಂದಿಗೂ ನೆನಪಿದೆ. ಪೇಟೆಯ ಆಸ್ಪತ್ರೆಗೆ ಕರೆದೊಯ್ಯಲು ಗಾಡಿಗೆ ಎತ್ತು ಹೂಡುವಷ್ಟರಲ್ಲಿ ಎಲ್ಲವೂ ಮುಗಿಯಿತು. ವಾಯು ಎದೆಗೇರಿ ಹೋದರು ಎಂದು ಊರು ಹೇಳಿತು. ಅರುವತ್ತು ವರ್ಷ ನಾವೂ ಹಾಗೆಯೇ ಹೇಳಿಕೊಂಡು ಬಂದೆವು. ನಮ್ಮ ಎದೆಯ ಬೇನೆಗೆ ವೈದ್ಯರು ಬೇರೆ ಹೆಸರಿಟ್ಟರೆ ತಂದೆಯವರ ಸಾವಿಗೂ ಬೇರೆ ಹೆಸರಿಡಬೇಕಾದೀತು. ಅಂದು ನಾವು ಒರೆಸಿದ ಬೆವರು ಏತರದೆಂಬುದನ್ನೂ ಒಪ್ಪಬೇಕಾದೀತು. ಅಷ್ಟಕ್ಕೆ ಮನಸ್ಸು ಸಿದ್ಧವಿರಲಿಲ್ಲ.

ಪುಷ್ಯದಲ್ಲಿ ಒಂದು ಸಂಜೆ ನಮ್ಮಾಕೆಯೂ ಜೊತೆಯಲ್ಲಿ ಬಂದಳು. ಮೂಲೆಯಲ್ಲಿ ನಾವು ಬಗ್ಗಿದೆವು. ಆಕೆ ನಿಂತು ನೋಡಿ, “ಏನೂಂದ್ರೆ, ನಿಮ್ಮ ಚಪ್ಪಲಿಯಲ್ಲಿ ಕಟ್ಟಿಕೊಳ್ಳುವುದಕ್ಕೆ ಪಟ್ಟಿಯೇ ಇಲ್ಲವಲ್ಲ?” ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ತರಕಾರಿ ತರಲಿಲ್ಲ. ಅಲ್ಲಿಂದ ನೇರವಾಗಿ ವೈದ್ಯರ ಮನೆಗೆ ನಡೆದುದಾಯಿತು.

ಸುಮ್ಮನೆ ಮಲಗಿದ್ದಾಗ ತೆಗೆದ ಇ.ಸಿ.ಜಿ.ಯಲ್ಲಿ ಯಾವ ದೋಷವೂ ಕಾಣಲಿಲ್ಲ. ನಾವು ಗೆದ್ದೆವೆಂದು ನಮ್ಮಾಕೆಯ ಮುಖವನ್ನು ನೋಡಿದೆವು. ವೈದ್ಯರು ನಕ್ಕು, “ಯಜಮಾನರೇ, ಮಲಗಿದಾಗ ನಿಮಗೆ ನೋವೂ ಇಲ್ಲವಲ್ಲ, ನಡೆಸಿ ನೋಡೋಣ” ಎಂದು ಟ್ರೆಡ್‌ಮಿಲ್ ಪರೀಕ್ಷೆಗೆ ಕಳುಹಿಸಿದರು. ಓಡುವ ಪಟ್ಟಿಯ ಮೇಲೆ ಆರು ನಿಮಿಷ ನಡೆಯುವಷ್ಟರಲ್ಲಿ ಆ ಅಂಗೈ ಮತ್ತೆ ಎದೆಯ ಮೇಲೆ ಕುಳಿತಿತು; ಕಾಗದದ ಮೇಲಿನ ಗೆರೆಗಳೂ ಅದಕ್ಕೆ ಸಾಕ್ಷಿ ನುಡಿದುವು. ಹೃದಯಕ್ಕೆ ರಕ್ತವನ್ನೊಯ್ಯುವ ನಾಳಗಳಲ್ಲಿ ಎಲ್ಲಿಯೋ ಕಿರಿದಾಗಿದೆ. ಎಲ್ಲಿ, ಎಷ್ಟು ಎಂಬುದನ್ನು ತಿಳಿಯಲು ಆಂಜಿಯೋಗ್ರಾಂ ಮಾಡಬೇಕು ಎಂದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಂಜಿಯೋಗ್ರಾಂ ಎಂದರೆ ನೋಡುವುದು, ಆಂಜಿಯೋಪ್ಲಾಸ್ಟಿಯೆಂದರೆ ಸರಿಪಡಿಸುವುದು. ಕಿರಿದಾದ ನಾಳದಲ್ಲಿ ಪುಟ್ಟ ಬುಗ್ಗೆಯನ್ನು ಉಬ್ಬಿಸಿ ದಾರಿ ಬಿಡಿಸುವ ಈ ಎರಡನೆಯ ಕ್ರಮವನ್ನು ಆಂಡ್ರಿಯಾಸ್ ಗ್ರುನ್ಟ್ಸಿಗ್ ಎಂಬ ವೈದ್ಯರು 1977ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ನಡೆಸಿದರು. ಬಿಡಿಸಿದ ದಾರಿ ಮುಚ್ಚದಂತೆ ಇಡುವ ಲೋಹದ ಬಲೆಯೇ ಸ್ಟೆಂಟು. ಎರಡಕ್ಕೂ ದಾರಿ ಒಂದೇ, ಕೊಠಡಿಯೂ ಒಂದೇ, ಹೆಸರೂ ಹತ್ತಿರ. ಆದುದರಿಂದ ಜನರು ಎರಡನ್ನೂ ಒಂದೇ ಎಂದು ತಿಳಿಯುವುದು ಸಹಜ. ಇವೆರಡರ ನಡುವೆ ಇರುವ ಹೊಸ್ತಿಲಿನ ಮೇಲೆಯೇ ನಮ್ಮ ಕಥೆಯ ಮುಖ್ಯ ಭಾಗ ನಡೆಯಿತು.

ಪರೀಕ್ಷೆಗೆ ಒಂದು ವಾರವಿತ್ತು. ಅಂಜಿದವನಿಗೆ ಪುಸ್ತಕವೇ ಗತಿಯೆಂದು ಅದರ ಪೂರ್ವಕಥೆಯನ್ನು ಓದಿದೆವು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನಿದ್ದ. ವಯಸ್ಸು ಇಪ್ಪತ್ತೈದರ ಆಸುಪಾಸು. ತೋಳಿನ ಅಭಿಧಮನಿಯಿಂದ ಹೃದಯಕ್ಕೆ ನಳಿಕೆಯನ್ನು ಕಳುಹಿಸಬಹುದೆಂದು ಅವನ ಎಣಿಕೆ. ಮೇಲಧಿಕಾರಿ ಬೇಡವೆಂದ. ಶಸ್ತ್ರದ ಸಾಮಗ್ರಿಗಳು ಒಬ್ಬ ದಾದಿಯ ವಶದಲ್ಲಿದ್ದುವು. ಆಕೆ, ಪ್ರಯೋಗವನ್ನು ತನ್ನ ಮೇಲೆಯೇ ಮಾಡುವುದಾದರೆ ಕೊಡುವೆನೆಂದಳು. ಫೋರ್ಸ್‌ಮನ್ ಒಪ್ಪಿದವನಂತೆ ನಟಿಸಿ, ಆಕೆಯನ್ನು ಮೇಜಿಗೆ ಕಟ್ಟಿ, ಅತ್ತ ತಿರುಗಿ ತನ್ನ ತೋಳನ್ನೇ ಕೊಯ್ದುಕೊಂಡು 65 ಸೆಂಟಿಮೀಟರು ನಳಿಕೆಯನ್ನು ಒಳಗೆ ನೂಕಿದ. ಆ ಬಳಿಕ ಆಕೆಯ ಕಟ್ಟನ್ನು ಬಿಚ್ಚಿ, ನಳಿಕೆ ತೋಳಿನಲ್ಲಿರುವಂತೆಯೇ ಕೆಳಗಿನ ಅಂತಸ್ತಿಗೆ ನಡೆದುಹೋಗಿ, ನಳಿಕೆಯ ತುದಿ ಹೃದಯದಲ್ಲಿರುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದ. ಜಗತ್ತು ಅವನನ್ನು ಮೆಚ್ಚಲು 27 ವರ್ಷ ತೆಗೆದುಕೊಂಡಿತು. 1956ರಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಎಂಬ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಾಗ ಅವನು ಹೃದಯವನ್ನು ಬಿಟ್ಟು ಮೂತ್ರರೋಗಗಳ ವೈದ್ಯನಾಗಿದ್ದ. ನಮ್ಮಾಕೆಗೆ ಈ ಕಥೆಯನ್ನು ಓದಿ ಹೇಳಿದಾಗ, “ಆ ದಾದಿಗೆ ಏನು ಕೊಟ್ಟರು?” ಎಂದು ಕೇಳಿದಳು. ಏನೂ ಕೊಟ್ಟಂತೆ ಪುಸ್ತಕದಲ್ಲಿ ಕಾಣಲಿಲ್ಲ.

ಹೃದಯವನ್ನೇ ಪೋಷಿಸುವ ನಾಳಗಳ ಚಿತ್ರವು ದೊರೆತುದು ಇನ್ನೂ ಈಚೆಗೆ, ಅದೂ ತಪ್ಪಿನಿಂದ. 1958ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು ರೋಗಿಯೊಬ್ಬನ ಮಹಾಧಮನಿಗೆ ಬಣ್ಣದ ದ್ರಾವಣವನ್ನು ಬಿಡುತ್ತಿರುವಾಗ ನಳಿಕೆಯ ತುದಿ ಜಾರಿ, ದ್ರಾವಣವೆಲ್ಲ ಹೃದಯದ ಬಲನಾಳಕ್ಕೆ ನುಗ್ಗಿತು. ಕೆಲವು ಕ್ಷಣ ಹೃದಯ ನಿಂತೇಹೋಯಿತು. ಕೆಮ್ಮೆಂದು ಕೂಗಿದರು, ರೋಗಿ ಕೆಮ್ಮಿದ, ಹೃದಯ ಮತ್ತೆ ನಡೆಯಿತು. ಅಪಾಯವೆಂದು ಹೆದರಿದ್ದುದನ್ನು ಅಳತೆಯರಿತು ಮಾಡಬಹುದೆಂದು ಅಂದು ತಿಳಿಯಿತು. ನಮ್ಮ ತಂದೆಯವರು ಹೋದುದು ಅದಾದ ಆರು ವರ್ಷಕ್ಕೆ. ಆದರೆ ಕ್ಲೀವ್‌ಲೆಂಡಿಗೂ ನಮ್ಮ ಜಗುಲಿಗೂ ಇದ್ದ ದೂರವನ್ನು ವರ್ಷಗಳಲ್ಲಿ ಅಳೆಯಲಾಗದು. ಇಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರನ್ನು ಕೇಳದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ಮೈಸೂರು, ಕಲಬುರಗಿಗಳಲ್ಲಿಯೂ ಅದರ ಆಸ್ಪತ್ರೆಗಳಿವೆ. ನಾವು ಹೋದುದು ಬೇರೊಂದು ಆಸ್ಪತ್ರೆಗೆ, ಮನೆಗೆ ಹತ್ತಿರವೆಂಬ ಒಂದೇ ಕಾರಣದಿಂದ.

ಸಿದ್ಧತೆಗಳು ದೊಡ್ಡವಲ್ಲ. ರಕ್ತಪರೀಕ್ಷೆಯಲ್ಲಿ ಮುಖ್ಯವಾಗಿ ನೋಡುವುದು ಮೂತ್ರಪಿಂಡಗಳ ಶಕ್ತಿಯನ್ನು. ಏಕೆಂದರೆ ನಾಳಗಳನ್ನು ಕಾಣಿಸುವ ಅಯೋಡಿನ್ ದ್ರಾವಣವನ್ನು ಹೊರಹಾಕಬೇಕಾದುವು ಅವೇ. ಕ್ರಿಯಾಟಿನಿನ್ ಎಂಬ ಅಂಕಿಯನ್ನು ವೈದ್ಯರು ಕೇಳುವುದು ಇದಕ್ಕಾಗಿ. ನಮಗೆ ಸಕ್ಕರೆಯ ರೋಗವೂ ಉಂಟು; ಅದಕ್ಕೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಪರೀಕ್ಷೆಯ ದಿನ ಮತ್ತು ಅನಂತರ ಎರಡು ದಿನ ನಿಲ್ಲಿಸಿದರು. ರಕ್ತವನ್ನು ತೆಳುವಾಗಿಸುವ ಮಾತ್ರೆ ನುಂಗುವವರು, ಉಬ್ಬಸವಿರುವವರು, ಹಿಂದೆ ಯಾವುದಾದರೂ ಔಷಧಕ್ಕೆ ಮೈಯೆಲ್ಲ ದದ್ದುಗಳೆದ್ದವರು ಕೇಳುವ ಮುನ್ನವೇ ಹೇಳಬೇಕು. ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಕೂಡದು. ನುಂಗುವ ಮಾತ್ರೆಗಳನ್ನೆಲ್ಲ ಹೆಸರು ಬರೆಯುವ ಗೋಜಿಲ್ಲದೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುವುದು ನಮ್ಮಾಕೆಯ ಕ್ರಮ. ವೈದ್ಯರಿಗೆ ಅದು ಬಹಳ ಒಪ್ಪಿತು.

ಹಿಂದಿನ ಸಂಜೆ ಸಮ್ಮತಿಪತ್ರ ಬಂದಿತು. ಇಂತಹ ಕಾಗದಗಳಿಗೆ ಓದದೆ ರುಜು ಹಾಕುವುದು ನಮ್ಮವರೆಲ್ಲರ ಅಭ್ಯಾಸ. ನಮ್ಮಾಕೆ ಕನ್ನಡಕವನ್ನು ಒರೆಸಿಕೊಂಡು ಕುಳಿತು, ಸಾಲುಸಾಲಾಗಿ ಗಟ್ಟಿಯಾಗಿ ಓದಿದಳು. ರಕ್ತಸ್ರಾವ, ನಾಳಕ್ಕೆ ಪೆಟ್ಟು, ಹೃದಯಾಘಾತ, ಲಕ್ವ, ಮರಣ. ಪಕ್ಕದ ಹಾಸಿಗೆಯವರು ಕಿವಿ ಮುಚ್ಚಿಕೊಂಡರು. ದೊಡ್ಡ ಅನಾಹುತಗಳು ನೂರರಲ್ಲಿ ಒಬ್ಬರಿಗಿಂತ ಕಡಮೆ ಮಂದಿಗೆ ಒದಗುತ್ತವೆಂದೂ ಕೈ ಕಂದುವುದು, ಸ್ವಲ್ಪ ರಕ್ತ ಜಿನುಗುವುದು ಸಾಮಾನ್ಯವೆಂದೂ ವೈದ್ಯರು ವಿವರಿಸಿದರು. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: ನಾಳ ಕಿರಿದಾಗಿರುವುದು ಕಂಡುಬಂದರೆ ಅದೇ ಹೊತ್ತಿನಲ್ಲಿ ಸ್ಟೆಂಟು ಹಾಕಲು ಒಪ್ಪಿಗೆ ಉಂಟೋ ಇಲ್ಲವೋ. ಭಾವಮೈದುನರ ಮುಳ್ಳು ಇಲ್ಲಿ ಚುಚ್ಚಿತು.

ನಮಗೆ ಒಂದೇಟಿಗೆ ಎಲ್ಲವೂ ಮುಗಿದುಹೋಗಲೆಂಬ ಆತುರ. ಬೆಂಗಳೂರಿನಿಂದ ಮಗನೂ ದೂರವಾಣಿಯಲ್ಲಿ ಅದನ್ನೇ ಹೇಳಿದ. ನಮ್ಮಾಕೆ ಲೇಖನಿಯನ್ನು ಕೆಳಗಿಟ್ಟು ವೈದ್ಯರನ್ನು ನೋಡಿ, “ಈಗಲೇ ಹಾಕದಿದ್ದರೆ ಜೀವಕ್ಕೆ ಅಪಾಯ ಅನ್ನುವಂತಹದು ಕಂಡರೆ ನಮ್ಮನ್ನು ಕೇಳುತ್ತ ನಿಲ್ಲಬೇಡಿ, ಹಾಕಿಬಿಡಿ. ಹಾಗಿಲ್ಲದಿದ್ದರೆ ಹೊರಗೆ ಬಂದು ನನಗೆ ಒಂದು ಮಾತು ತಿಳಿಸಿ” ಎಂದಳು. ವೈದ್ಯರು ವಯಸ್ಸಿನಲ್ಲಿ ನಮ್ಮ ಮಗನಿಗಿಂತ ಚಿಕ್ಕವರು. ಆಗಲಿ ಅಮ್ಮ, ಎಂದು ಅದನ್ನೇ ಕಾಗದದ ಅಂಚಿನಲ್ಲಿ ಬರೆದು ತಾವೂ ರುಜು ಮಾಡಿದರು. ನಮ್ಮ ಹೃದಯದ ವಿಷಯ ನಮ್ಮನ್ನು ಬಿಟ್ಟು ಅವರಿಬ್ಬರೊಳಗೆ ಇತ್ಯರ್ಥವಾದುದನ್ನು ಕಂಡು ನಮಗೆ ಸ್ವಲ್ಪ ಮುನಿಸೂ ಬಂದಿತು.

ರಾತ್ರಿ ಹತ್ತರ ಮೇಲೆ ಆಹಾರವಿಲ್ಲ. ಬೆಳಗ್ಗೆ ಮಣಿಕಟ್ಟು ಮತ್ತು ತೊಡೆಯ ಸಂದುಗಳ ಕೂದಲನ್ನು ಬೋಳಿಸಿದರು. ಕೈಯಿಂದ ಹೋಗಲಾಗದಿದ್ದರೆ ತೊಡೆಯಿಂದ ಹೋಗಬೇಕಾಗಬಹುದೆಂದು ಎರಡನ್ನೂ ಸಿದ್ಧಪಡಿಸುತ್ತಾರೆ. ಹಿಂದೆ ಹೆಚ್ಚಾಗಿ ತೊಡೆಯಿಂದಲೇ ನಡೆಯುತ್ತಿತ್ತು. 1989ರಲ್ಲಿ ಮಾಂಟ್ರಿಯಲ್ಲಿನ ಲೂಸಿಯನ್ ಕಾಂಪೋ ಎಂಬವರು ಮಣಿಕಟ್ಟಿನ ದಾರಿಯ ವಿವರವನ್ನು ಪ್ರಕಟಿಸಿದ ಮೇಲೆ ಅದು ಮೆಲ್ಲಮೆಲ್ಲನೆ ರೂಢಿಗೆ ಬಂದಿತು. ಉಂಗುರ, ಗಡಿಯಾರ, ಕಟ್ಟಿದ ಹಲ್ಲು ಎಲ್ಲವನ್ನೂ ಒಪ್ಪಿಸಿಬಿಡಬೇಕು. ಎದುರಿನ ಹಾಸಿಗೆಯ ಅಜ್ಜಿಯೊಬ್ಬರಿಗೆ ಬಳೆ ಮತ್ತು ಮಾಂಗಲ್ಯವನ್ನು ತೆಗೆಯುವುದು ಪರೀಕ್ಷೆಗಿಂತ ಕಷ್ಟವಾಯಿತು. ಮಾಂಗಲ್ಯದ ಚಿನ್ನವು ಎದೆಯ ಚಿತ್ರಕ್ಕೆ ಅಡ್ಡ ಬರುತ್ತದೆಯೆಂದು ದಾದಿ ಹೇಳಿದರೆ ಆಕೆ ಕೇಳಲೊಲ್ಲರು. ಕಡೆಗೆ ನಮ್ಮಾಕೆ ಒಂದು ದಾರಕ್ಕೆ ಅರಿಸಿನ ಹಚ್ಚಿ ಅವರ ಕೊರಳಿಗೆ ಕಟ್ಟಿದಳು. ಬಳೆಗಳು ಸೋಪಿನ ನೀರಿನಿಂದ ಜಾರಿದುವು. ಮನೆಯಲ್ಲಿಯೇ ಇದಕ್ಕೆ ಏರ್ಪಾಟು ಮಾಡಿಕೊಂಡು ಬರುವುದು ಹೆಂಗಸರಿಗೆ ಒಳ್ಳೆಯದು.

ಒಂಬತ್ತು ಗಂಟೆಗೆ ಕರೆಯುವೆವೆಂದಿದ್ದರು. ಹನ್ನೆರಡಾದರೂ ಕರೆ ಬರಲಿಲ್ಲ. ತಡವೇಕೆಂದು ಹೇಳುವವರೂ ಇಲ್ಲ. ಸಕ್ಕರೆಯ ರೋಗಿಯನ್ನು ಹೀಗೆ ಉಪವಾಸವಿಡಬಹುದೇ ಎಂದು ನಾವು ದನಿಯೇರಿಸುತ್ತಿರುವಾಗಲೇ ತಳ್ಳುಮಂಚವೊಂದು ನಮ್ಮನ್ನು ದಾಟಿ ಓಡಿತು. ಅದರಲ್ಲಿ ಮೂವತ್ತೈದರ ಒಳಗಿನ ಒಬ್ಬ ತರುಣ. ಅಂಗಿ ಬೆವರಿನಿಂದ ಮೈಗೆ ಅಂಟಿಕೊಂಡಿತ್ತು. ಹಿಂದೆ ಓಡುತ್ತಿದ್ದ ಹೆಂಡತಿಯ ಕೈಯಲ್ಲಿ ಅವನ ಒಂದೇ ಒಂದು ಚಪ್ಪಲಿ. ಹೃದಯಾಘಾತವಾದವರಿಗೆ ಉಪವಾಸವಿಲ್ಲ, ಸರದಿಯಿಲ್ಲ. ಮುಚ್ಚಿದ ನಾಳವನ್ನು ತಡಮಾಡದೆ ತೆರೆಯುವುದೊಂದೇ ಕೆಲಸ. ನಾವು ಏರಿಸಿದ್ದ ದನಿಯನ್ನು ಇಳಿಸಿದೆವು. ಆ ಬೆವರನ್ನು ನಾವು ಹಿಂದೆ ಒಮ್ಮೆ ಕಂಡಿದ್ದೆವು.

ಒಂದೂವರೆಗೆ ನಮ್ಮ ಸರದಿ. ಕೊಠಡಿಯ ಚಳಿಯೇ ಮೊದಲ ಅನುಭವ. ಯಂತ್ರಗಳಿಗಾಗಿ ಹಾಗೆ ಇಡುತ್ತಾರಂತೆ. ಒಳಗಿದ್ದವರೆಲ್ಲ ಎಕ್ಸ್‌ರೇಯಿಂದ ಕಾಪಾಡಿಕೊಳ್ಳಲು ಸೀಸದ ಕವಚಗಳನ್ನು ತೊಟ್ಟಿದ್ದರು. ಯುದ್ಧಕ್ಕೆ ಸನ್ನದ್ಧರಾದವರಂತೆ ಕಾಣುತ್ತಿದ್ದರು. ಬಲಗೈಯನ್ನು ಹಲಗೆಯ ಮೇಲೆ ಚಾಚಿ, ಕಂದುಬಣ್ಣದ ಔಷಧದಿಂದ ತೊಳೆದು, ಮೈಮೇಲೆ ಹಸುರು ಬಟ್ಟೆಗಳನ್ನು ಹೊದಿಸಿದರು. ಮರವು ಬರಿಸುವ ಸೂಜಿ ಚುಚ್ಚಿದಾಗ ಕೆಂಜಿಗ ಕಚ್ಚಿದಷ್ಟು ಉರಿ. ಅದಾದ ಮೇಲೆ ಮಣಿಕಟ್ಟಿನ ನಾಳಕ್ಕೆ ಎರಡು ಮಿಲಿಮೀಟರು ದಪ್ಪದ ಕೊಳವೆಯನ್ನು ಸೇರಿಸುವಾಗ ಒಂದು ಬಗೆಯ ಒತ್ತಡ, ಮತ್ತು ನಾಳ ಸೆಟೆಯದಿರಲೆಂದು ಔಷಧ ಬಿಟ್ಟಾಗ ಮೊಳಕೈಯವರೆಗೆ ಬಿಸಿ ಹರಿದಂತೆ ಬೇಗೆ. ಹೇಳಿಕೊಳ್ಳಬಹುದಾದ ನೋವೆಲ್ಲ ಇಷ್ಟೆ. ನಳಿಕೆಯು ತೋಳನ್ನೂ ಭುಜವನ್ನೂ ದಾಟಿ ಎದೆಯನ್ನು ಸೇರಿದುದು ನಮಗೆ ತಿಳಿಯಲೇ ಇಲ್ಲ. ರಕ್ತನಾಳದ ಒಳಮೈಗೆ ಸ್ಪರ್ಶಜ್ಞಾನವಿಲ್ಲವಂತೆ. ಒಮ್ಮೆ ಮಾತ್ರ ಹೃದಯವು ಒಂದು ಬಡಿತ ತಪ್ಪಿ, ಮರುಬಡಿತ ಕೊಂಚ ಜೋರಾಗಿ ಹೊಡೆಯಿತು. “ಗಾಬರಿ ಬೇಡ ಯಜಮಾನರೇ, ನಾವು ಒಳಗೆ ಬಂದಿರುವುದು ಅದಕ್ಕೆ ಗೊತ್ತಾಯಿತು” ಎಂದರು ವೈದ್ಯರು.

ದ್ರಾವಣ ಬಿಟ್ಟಾಗಲೆಲ್ಲ ಎದೆಯಲ್ಲಿ ಹಿತವಾದ ಬೆಚ್ಚಗೆ. ದೊಡ್ಡ ಪ್ರಮಾಣದಲ್ಲಿ ಬಿಟ್ಟರೆ ಮೈಯೆಲ್ಲ ಬಿಸಿಯೇರಿ, ಮೂತ್ರ ಹೋಗಿಬಿಟ್ಟಿತೇ ಎಂಬ ಭ್ರಮೆಯೂ ಆಗುವುದುಂಟು. ನಮಗೆ ಅಷ್ಟರ ಅಗತ್ಯ ಬೀಳಲಿಲ್ಲ. ಯಂತ್ರದ ದೊಡ್ಡ ಬಾಹು ಎಡಕ್ಕೆ, ಬಲಕ್ಕೆ, ಕೆಲವು ಸಾರಿ ಮೂಗಿಗೆ ತಾಕುವಷ್ಟು ಹತ್ತಿರಕ್ಕೆ ಬಂದು ಬೇರೆ ಬೇರೆ ಕೋನಗಳಿಂದ ಚಿತ್ರ ತೆಗೆಯುತ್ತಿತ್ತು. ಉಸಿರೆಳೆದು ಹಿಡಿಯಿರಿ, ಬಿಡಿ; ಇಷ್ಟೇ ನಮ್ಮ ಪಾಲಿನ ಕೆಲಸ. ಪರದೆಯ ಮೇಲೆ ಆ ಕೊಂಬೆಗಳು ಮೂಡತೊಡಗಿದುದು ಆಗಲೇ. ಸೊಗಸಾಗಿದ್ದುವು. ನಮ್ಮದೆಂಬುದು ಮರೆತುಹೋಗುವಷ್ಟು ಸೊಗಸಾಗಿದ್ದುವು. ಒಂದು ಕವಲಿನಲ್ಲಿ ಮಾತ್ರ, ದಾರದಿಂದ ಬಿಗಿದು ಕಟ್ಟಿದಂತೆ ಒಂದು ಕಡೆ ಸಣಕಲಾಗಿತ್ತು. ಯಾರೂ ಹೇಳದಿದ್ದರೂ ಅದೇ ಎಂದು ನಮಗೆ ತಿಳಿಯಿತು. ತರಕಾರಿಯಂಗಡಿಯ ಏರು ಅಲ್ಲಿ ಕುಳಿತಿತ್ತು.

ಇಪ್ಪತ್ತು ನಿಮಿಷವಾಗಿರಬಹುದು. ವೈದ್ಯರು ಕೈ ನಿಲ್ಲಿಸಿ, “ಒಂದು ನಿಮಿಷ, ಅಮ್ಮನವರಲ್ಲಿ ಮಾತನಾಡಿ ಬರುತ್ತೇನೆ” ಎಂದು ಹೊರಗೆ ಹೋದರು. ಗೋಡೆಯ ಗಡಿಯಾರದಲ್ಲಿ ಆ ಒಂದು ನಿಮಿಷ ಒಂಬತ್ತಾಯಿತು. ಪರೀಕ್ಷೆಯಲ್ಲಿ ಕಷ್ಟವಾವುದೆಂದು ಕೇಳುವವರಿಗೆ ನಾವು ಈ ಒಂಬತ್ತು ನಿಮಿಷವನ್ನು ತೋರಿಸುತ್ತೇವೆ. ಕೊಳವೆ ಕೈಯಲ್ಲಿದೆ, ಕೊಂಬೆಗಳು ಪರದೆಯ ಮೇಲೆ ನಿಶ್ಚಲವಾಗಿ ನಿಂತಿವೆ, ಗಾಜಿನಾಚೆ ಬಾಯಿಗಳು ಆಡುತ್ತಿವೆ, ಮಾತು ಕೇಳದು. ಹಾಕಿಬಿಡಿ ಎಂದು ಕೂಗಿಬಿಡೋಣವೆನಿಸಿತು. ಬೇಡ, ಬಿಟ್ಟುಬಿಡಿ ಎಂದು ಕೂಗೋಣವೆಂದೂ ಅಷ್ಟೇ ಬಲವಾಗಿ ಅನಿಸಿತು. ತಲೆಯ ಬಳಿ ನಿಂತಿದ್ದ ದಾದಿಗೆ ನಮ್ಮ ಮುಖದಲ್ಲಿ ಏನು ಕಂಡಿತೋ, ತನ್ನ ಕೈಯನ್ನು ನಮ್ಮ ಎಡಗೈಯ ಮೇಲೆ ಇಟ್ಟು, “ನಿಮ್ಮದು ಯಾವ ಊರು ತಾತ?” ಎಂದಳು. ಹಳ್ಳಿಯ ಹೆಸರನ್ನು ಹೇಳಿದೆವು. ಅರುವತ್ತು ವರ್ಷದಿಂದ ಯಾರೂ ನಮ್ಮನ್ನು ಅಲ್ಲಿಯವರೆಂದು ಎಣಿಸಿರಲಿಲ್ಲ.

ಹೊರಗೆ ನಡೆದುದನ್ನು ಅನಂತರ ತಿಳಿದೆವು. ಚಿತ್ರದಲ್ಲಿ ಕಂಡುದಿಷ್ಟು: ಎಡದ ಮೂಲನಾಳ ಶುದ್ಧವಾಗಿದೆ, ಮುಂಭಾಗದ ದೊಡ್ಡ ನಾಳದಲ್ಲಿ ನೂರಕ್ಕೆ 40ರಷ್ಟು ಕಿರಿದಾಗಿದೆ, ಬಲನಾಳದಲ್ಲಿ ಅಲ್ಪಸ್ವಲ್ಪ, ಸುತ್ತಿಹೋಗುವ ನಾಳದ ಒಂದು ಕವಲಿನಲ್ಲಿ 75. ಹೃದಯದ ಬಲ ಕುಂದಿಲ್ಲ. ಭಾವಮೈದುನರು ಕೂಡಲೇ ಸ್ಟೆಂಟಿಗೆ ಹೂಂ ಎಂದರಂತೆ. ದೂರವಾಣಿಯಲ್ಲಿ ಮಗನೂ ಹೂಂ ಎಂದನಂತೆ. ನಮ್ಮಾಕೆ ಮೂರು ಪ್ರಶ್ನೆಗಳನ್ನು ಕೇಳಿದಳು. ಇವತ್ತು ಹಾಕದಿದ್ದರೆ ಇವತ್ತು ಏನಾದರೂ ಆಗುವುದೇ? ಔಷಧ ಕೊಟ್ಟು ನೋಡಿ ಸಾಲದೆಹೋದರೆ ಆಮೇಲೆ ಹಾಕಬಹುದೇ? ಹಾಕಿದರೆ ಹೆಚ್ಚುವುದು ಆಯುಸ್ಸೋ, ಕಡಮೆಯಾಗುವುದು ನೋವೋ?

ವೈದ್ಯರು ಮೂರಕ್ಕೂ ನಿಂತು ಉತ್ತರಿಸಿದರು. ಅವರ ಮೇಲೆ ನಮಗಿರುವ ಗೌರವಕ್ಕೆ ಇದೇ ಮೂಲ. ಇದು ಈ ಹೊತ್ತಿನ ಅಪಾಯವಲ್ಲ. ಆಮೇಲೆ ಧಾರಾಳವಾಗಿ ಹಾಕಬಹುದು. ಮೂರನೆಯದಕ್ಕೆ ಅವರು ಸ್ವಲ್ಪ ತಡೆದು, ನಡೆದಾಗ ಬರುವ ಈ ಬಗೆಯ ಸ್ಥಿರವಾದ ನೋವಿನಲ್ಲಿ ಸ್ಟೆಂಟು ನೋವನ್ನು ಕಳೆಯುವುದು ನಿಜ. ಆದರೆ 5000ಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮೊದಲಿಗೇ ಸ್ಟೆಂಟು ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಒಳ್ಳೆಯ ಔಷಧದಿಂದ ತೊಡಗಿದವರಿಗೂ ಸಾವಿನ ಲೆಕ್ಕದಲ್ಲಿ ಅಂತರ ಕಾಣಲಿಲ್ಲ. ಮೂಲನಾಳ ಕಟ್ಟಿದವರ ಮಾತು ಬೇರೆ, ಹೃದಯಾಘಾತವಾದವರ ಮಾತು ಇನ್ನೂ ಬೇರೆ, ಎಂದರಂತೆ. “ಹಾಗಾದರೆ ಅವರನ್ನು ಹೊರಗೆ ಕರೆದುಕೊಂಡು ಬನ್ನಿ. ಇವರು ಇನ್ನೂ ಒಂದು ದಿನವಾದರೂ ಸರಿಯಾದ ಔಷಧ ನುಂಗಿಲ್ಲ; ಕಷಾಯ ಕುಡಿದುಕೊಂಡು ಕುಳಿತಿದ್ದರು” ಎಂದಳಂತೆ ನಮ್ಮಾಕೆ.

ಇದನ್ನು ಓದಿ, ಯಾರೂ ಸ್ಟೆಂಟು ಹಾಕಿಸಿಕೊಳ್ಳಬೇಡಿರೆಂದು ನಾವು ಹೇಳುವೆವೆಂದು ವಾಚಕರು ಎಣಿಸಬಾರದು. ಆ ತರುಣನಿಗೆ ಅಂದು ಹಾಕಿದರು. ಮರುದಿನ ಅವನು ಹಾಸಿಗೆಯಲ್ಲಿ ಕುಳಿತು ಇಡ್ಲಿ ತಿನ್ನುತ್ತಿದ್ದುದನ್ನು ಕಂಡು ಬಂದೆವು. ಅಜ್ಜಿಯವರಿಗೆ ಮೂರು ನಾಳಗಳೂ ಕಟ್ಟಿದ್ದುದರಿಂದ ಬೈಪಾಸ್ ಶಸ್ತ್ರಚಿಕಿತ್ಸೆಯೇ ಸರಿಯೆಂದರು. ಒಂದೇ ಕೊಠಡಿಯಿಂದ ಒಂದೇ ದಿನ ಮೂವರು ಮೂರು ಉತ್ತರಗಳನ್ನು ಹೊತ್ತು ಹೊರಬಂದೆವು.

ಮಿಕ್ಕುದನ್ನು ಬೇಗ ಮುಗಿಸುತ್ತೇವೆ. ಕೊಳವೆಯನ್ನು ತೆಗೆದು ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿಯೊಂದನ್ನು ಬಿಗಿದರು. ಎರಡು ಮೂರು ಗಂಟೆಗಳಲ್ಲಿ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟರು. ಕೂಡಲೇ ಎದ್ದು ಕುಳಿತು ಮೊಸರನ್ನ ಉಂಡೆವು. ತೊಡೆಯಿಂದ ಮಾಡಿಸಿಕೊಂಡವರು ಮಾತ್ರ ಕಾಲು ಮಡಿಸದೆ ನಾಲ್ಕಾರು ಗಂಟೆ ಮಲಗಿರಬೇಕು. ದ್ರಾವಣ ಹೊರಗೆ ಹೋಗಲೆಂದು ನೀರನ್ನು ಹೆಚ್ಚಾಗಿ ಕುಡಿಸುತ್ತಾರೆ. ನೀರಿಗೆ ಮಿತಿ ಹೇಳಿಸಿಕೊಂಡಿರುವ ರೋಗಿಗಳು ತಮ್ಮ ವೈದ್ಯರನ್ನು ಕೇಳಿಯೇ ಕುಡಿಯಬೇಕು. ಮಣಿಕಟ್ಟು ನೇರಿಳೆಯ ಬಣ್ಣಕ್ಕೆ ತಿರುಗಿ, ಹಳದಿಯಾಗಿ, ಹತ್ತು ದಿನಕ್ಕೆ ತಿಳಿಯಾಯಿತು. ಕೆಲವು ದಿನ ಆ ಕೈಯಲ್ಲಿ ಬಿಂದಿಗೆ ಎತ್ತಬಾರದು. ಮನೆಯಲ್ಲಿ ರಕ್ತ ಚಿಮ್ಮಿದರೆ ಆ ಜಾಗವನ್ನು ಬಲವಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ಕೈ ತಣ್ಣಗಾಗಿ ಮರಗಟ್ಟಿದರೂ ಹಾಗೆಯೇ. ಕುಳಿತಿದ್ದಾಗಲೇ ಎದೆನೋವು ಬಂದು ನಿಲ್ಲದೆಹೋದರೆ ಕಷಾಯ ಕಾಸುತ್ತ ಕೂರಬಾರದೆಂಬುದನ್ನು ನಮ್ಮ ಮನೆಯಲ್ಲಿ ಈಗ ಮಕ್ಕಳೂ ಬಲ್ಲರು.

ಔಷಧಗಳು ಆರಂಭವಾದುವು. ರಕ್ತ ಹೆಪ್ಪುಗಟ್ಟದಿರಲು ಒಂದು, ಕೊಬ್ಬಿಗೆ ಒಂದು, ಹೃದಯದ ಓಟವನ್ನು ತಗ್ಗಿಸಲು ಒಂದು, ತುರ್ತಿಗೆ ನಾಲಗೆಯಡಿ ಇಟ್ಟುಕೊಳ್ಳುವುದೊಂದು. ಇವು ಸಾಲದೆಹೋದರೆ ಮತ್ತೆ ಅದೇ ಮೇಜಿಗೆ ಹೋಗಬೇಕೆಂಬುದನ್ನು ವೈದ್ಯರು ಮರೆಮಾಚಿಲ್ಲ. ಸದ್ಯಕ್ಕೆ ತರಕಾರಿಯಂಗಡಿಗೆ ಮೂಲೆಯಲ್ಲಿ ನಿಲ್ಲದೆ ಹೋಗಿ ಬರುತ್ತಿದ್ದೇವೆ.

ಆಸ್ಪತ್ರೆಯವರು ನಮ್ಮ ಹೃದಯದ ಚಿತ್ರಗಳನ್ನೆಲ್ಲ ಒಂದು ತಟ್ಟೆಯಲ್ಲಿ ತುಂಬಿ ಕೊಟ್ಟಿದ್ದರು. ಅದನ್ನು ನೋಡುವ ಯಂತ್ರ ಈಗ ಯಾರ ಮನೆಯಲ್ಲಿಯೂ ಇಲ್ಲ. ಯುಗಾದಿಗೆ ಬಂದ ಮೊಮ್ಮಗ ಎಲ್ಲಿಂದಲೋ ಒಂದನ್ನು ತಂದು ಜೋಡಿಸಿದ. ನಮ್ಮಾಕೆ 75ರ ಕವಲನ್ನು ಬಹಳ ಹೊತ್ತು ನೋಡಿದಳು. “ಮೂರು ತಿಂಗಳು ನನ್ನಿಂದ ಬಚ್ಚಿಟ್ಟದ್ದು ಇದನ್ನೇಯೋ?” ಎಂದಳು. ನಾವು ಸುಮ್ಮನಿದ್ದೆವು. ಸ್ವಲ್ಪ ಹೊತ್ತಿನ ಮೇಲೆ, ಆ ಕೊಂಬೆಗಳನ್ನು ನೋಡುತ್ತಲೇ, “ಮಾವನವರಿಗೂ ಇಲ್ಲಿಯೇ ಇದ್ದಿತೇನೋ” ಎಂದಳು.

ಗೊತ್ತಿಲ್ಲವೆಂದೆವು. ಮೊಮ್ಮಗ ಮೊದಲಿನಿಂದ ಇನ್ನೊಂದು ಸಾರಿ ತೋರಿಸಿದ.